ಮೊದಲ ಸಲ ತೋರಿಸಲು ಹೋದ ದಿನ

ನನ್ನ ಅಣ್ಣ ನನ್ನ ಎಡಗೈ ಮುರಿದದ್ದು ದಢೇಸುಗೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಹಾಡಹಗಲಿನಲ್ಲಿ. ಆಗ ನಾನು ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಬಿ.ಎಡ್ ಓದುತ್ತಿದ್ದೆ. ಮಸ್ಕಿಯ ಕರೆಂಟ್ ಆಫೀಸಿನ ಲೈನ್‌ಮನ್ ಒಬ್ಬನ ಜೊತೆ ನಾನು ಓಡಾಡುತ್ತೇನೆ ಎಂದು ಯಾರೋ ಅಣ್ಣನ ಕಿವಿಗೆ ಹಾಕಿದ್ದರು. ಅಣ್ಣ ಹೊಲದಿಂದ ಬಂದವನು ಕೆಸರುಗಾಲಿನಲ್ಲೇ ಒಳಗೆ ಬಂದು ನನ್ನ ಎದುರು ನಿಂತ.

"ಯಾವ ಮಂದಿ ಅವ್ರು?"

"ಬೌದ್ಧರು."

"ಅದು ಈಗ. ಅದಕ್ಕ ಮೊದ್ಲು ಏನಿದ್ರು, ಅದನ್ನ ಬೊಗಳು."

ನಾನು ಹೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನು ಗೂಟಕ್ಕೆ ನೇತುಹಾಕಿದ್ದ ಪಂಪ್‌ಸೆಟ್ಟಿನ ಹಳೆಯ ಬೆಲ್ಟು ತೆಗೆದುಕೊಂಡ. ಬೆನ್ನಿಗೆ ಬಿದ್ದದ್ದು ಹೇಗೋ ತಡೆದುಕೊಂಡೆ. ಮುಖಕ್ಕೆ ಬರುತ್ತದೆಂದು ಎಡಗೈ ಅಡ್ಡ ಹಿಡಿದಾಗ ಅವನು ಬೆಲ್ಟು ಬಿಸಾಡಿ ಆ ಕೈಯನ್ನೇ ಹಿಡಿದು ತಿರುವಿದ. ಒಣಗಿದ ಹತ್ತಿ ಕಟ್ಟಿಗೆ ಮುರಿದಂತಹ ಸದ್ದು ಬಂತು. ಅವ್ವ ಅಷ್ಟರಲ್ಲಿ ಎದ್ದು ಹೋಗಿ ತಲಬಾಗಿಲು ಹಾಕಿ ಚಿಲಕ ಏರಿಸಿದಳು. ಬಿಡಿಸಲು ಬರುತ್ತಾಳೆಂದುಕೊಂಡಿದ್ದೆ. ಅವಳು ಸದ್ದು ಓಣಿಗೆ ಕೇಳಬಾರದೆಂದು ಎದ್ದಿದ್ದಳು.

ಇದೇ ಅಣ್ಣ ನನಗೆ ಕಾಲುವೆಯ ಏರಿಯ ಮೇಲೆ ಸೈಕಲ್ ಕಲಿಸಿದ್ದ. ನಾನು ಬಿದ್ದು ಮೊಣಕಾಲು ತರಚಿಕೊಂಡರೆ ತನ್ನ ಲುಂಗಿಯ ಅಂಚು ಹರಿದು ಕಟ್ಟುತ್ತಿದ್ದ. ಅವನು ಹಾಗಿದ್ದದ್ದೂ ನಿಜ.

ಕೈಯ ಪ್ಲಾಸ್ಟರ್ ಬಿಚ್ಚಿದ ವಾರದಲ್ಲೇ ನಾನು ಮನೆ ಬಿಟ್ಟೆ. ಆ ಲೈನ್‌ಮನ್ ಜೊತೆ ರಿಜಿಸ್ಟರ್ ಮದುವೆಯಾಯಿತು. ಊರಲ್ಲಿ ನನ್ನ ಹೆಸರಿನಲ್ಲಿ ತಿಥಿ ಮಾಡಿ ಊಟ ಹಾಕಿಸಿದರು. ಎಲೆಯ ಮುಂದೆ ಸಾಲಾಗಿ ಕುಳಿತವರ ಫೋಟೋವನ್ನು ನನ್ನ ಗೆಳತಿಯೊಬ್ಬಳು ಮೊಬೈಲಿಗೆ ಕಳಿಸಿದಳು. ನನ್ನ ಸೋದರಮಾವ ಆ ಸಾಲಿನಲ್ಲಿ ಕುಳಿತು ಹೋಳಿಗೆ ತಿನ್ನುತ್ತಿದ್ದ. ಅದಾದ ಮೇಲೆ ಅಣ್ಣನ ಫೋನು ಬಂತು. "ಸಿಂಧನೂರಿನ ಕಡಿ ನೀ ಆಗ್ಲಿ, ಅವ ಆಗ್ಲಿ ಕಾಲಿಟ್ರ, ಕಾಲು ಕಡದು ಕಾಲುವಿಗೆ ಒಗೀತೀನಿ" ಎಂದ. ನಾವು ಆ ಕಡೆ ಹೋಗುವುದನ್ನೇ ಬಿಟ್ಟೆವು. ಮಸ್ಕಿಯ ಒಂದು ಶಾಲೆಯಲ್ಲಿ ನನಗೆ ಕನ್ನಡ ಕಲಿಸುವ ಕೆಲಸ ಸಿಕ್ಕಿತು.

ಮಾರನೆಯ ಬೇಸಿಗೆ ಕಳೆದ ಮೇಲೆ ನನ್ನ ಮುಟ್ಟು ನಿಂತಿತು. ಮೆಡಿಕಲ್ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದನ್ನು ಮೊದಲು ನೋಡಿದ್ದು ನಾನು, ಆಮೇಲೆ ನನ್ನ ಗಂಡ, ಕೊನೆಗೆ ಕನ್ನಡಕ ಹಾಕಿಕೊಂಡು ಬಂದು ಬೆಳಕಿಗೆ ಹಿಡಿದು ನೋಡಿದವರು ನನ್ನ ಅತ್ತೆ. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಪಟ್ಟಿಯನ್ನು ಕೆಳಗಿಟ್ಟು, "ಈ ವಾರದಾಗ ಡಾಕ್ಟರಿಗೆ ತೋರ್ಸಿ ಬರ್ರಿ" ಎಂದರು.

ನನಗೆ ಅದು ವಿಚಿತ್ರ ಅನಿಸಿತು. ನಮ್ಮ ಮನೆಯಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಐದನೇ ತಿಂಗಳಲ್ಲಿ ಮನೆಯವರಷ್ಟೇ ಸೇರಿ ಕಳ್ಳ ಕುಬಸ ಮಾಡಿ, ಹಸಿರು ಸೀರೆ ಉಡಿಸಿದ ಮೇಲೆಯೇ ದವಾಖಾನೆಯ ಮಾತು. ಅದಕ್ಕಿಂತ ಮುಂಚೆ ಹೋದರೆ ದೃಷ್ಟಿಯಾಗುತ್ತದೆ, ನಿಂತದ್ದು ಇಳಿದುಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು.

"ಮೂರು ತಿಂಗಳ ತನಕ ತಡೀಲಾರದ ಹೋಗ್ಬೇಕೇನ್ರಿ ಅತ್ತಿ? ಯಾರಿಗೂ ಹೇಳಬಾರ್ದು ಅಂತಾರಲ್ರಿ" ಎಂದೆ.

"ಊರಿಗೆ ಹೇಳಬ್ಯಾಡ. ಅದು ನಿನ್ನ ಮರ್ಜಿ. ಡಾಕ್ಟರಿಗೆ ಹೇಳಬ್ಯಾಡ ಅಂತ ಯಾರು ಹೇಳ್ಯಾರ?"

ಅತ್ತೆ ಅಕ್ಕಿ ಆರಿಸುವ ಮೊರ ಪಕ್ಕಕ್ಕಿಟ್ಟರು.

"ಇವನಕಿಂತ ಮೊದ್ಲು ಒಂದು ಕೂಸಿತ್ತು ನಂದು. ಏಳನೇ ತಿಂಗಳಿಗೆ ಮೊದಲನೇ ಸಲ ದವಾಖಾನಿಗೆ ಹೋದೆ. ಮೈಯಾಗ ಸಕ್ಕರಿ ಐತಿ ಅಂತ ಅವತ್ತೇ ಗೊತ್ತಾತು. ಎಂಟರಾಗ ಅದು ಹೊಟ್ಟ್ಯಾಗೇ ಸುಮ್ಮನಾತು. ಜಲ್ದಿ ಹೋಗಿದ್ರ ಉಳೀತಿತ್ತೋ ಇಲ್ಲೋ, ಅದು ನಂಗ ಗೊತ್ತಿಲ್ಲ. ಯಾರೂ ಹೇಳಾಕ ಆಗೂದಿಲ್ಲ. ಆದ್ರ ಇವತ್ತಿಗೂ ನನ್ನ ತಲ್ಯಾಗ ಅದೇ ಐತಿ."

ಇಷ್ಟು ಹೇಳಿ ಮೊರ ಮತ್ತೆ ಎತ್ತಿಕೊಂಡರು. ಅವರು ಈ ಮಾತನ್ನು ಮಗನಿಗೂ ಹೇಳಿರಲಿಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತವರು ನಿಂತಲ್ಲೇ ಉಳಿದರು.

ಹೋಗುವುದೆಂದಾಯಿತು. ಎಲ್ಲಿಗೆ? ಮಸ್ಕಿಯಿಂದ ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು. ಸಿಂಧನೂರಿನ ಮಾತೇ ಇರಲಿಲ್ಲ. ಲಿಂಗಸುಗೂರಿನಲ್ಲಿ ಒಬ್ಬ ಹೆಣ್ಣು ಡಾಕ್ಟರ್ ಇದ್ದಾರೆ, ಸಮಾಧಾನದಿಂದ ನೋಡುತ್ತಾರೆ ಎಂದು ನಮ್ಮ ಶಾಲೆಯ ಟೀಚರೊಬ್ಬರು ಹೇಳಿದ್ದರು. ಆ ಕಡೆ ನಮಗೆ ವೈರಿಗಳಿಲ್ಲ ಎಂದುಕೊಂಡೆವು. ಅಣ್ಣನ ಹೆಂಡತಿ, ನನ್ನ ವೈನಿಯ ತವರು ಗುರುಗುಂಟಾ, ಅದು ಲಿಂಗಸುಗೂರು ತಾಲ್ಲೂಕು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅದೇ ದಿನ ಅದೇ ಬೆಂಚಿಗೆ ಅವಳು ಬರುತ್ತಾಳೆಂದು ಯಾರು ಎಣಿಸುತ್ತಾರೆ?

ಬೆಳಿಗ್ಗೆ ಹೊರಟೆವು. ಬೈಕ್ ಕುಲುಕುವುದು ಬೇಡವೆಂದು ಅತ್ತೆ ಬಸ್ಸಿಗೇ ಕಳಿಸಿದರು. ದಾರಿಯುದ್ದಕ್ಕೂ ನನಗೆ ಓಕರಿಕೆ. ಕಿಟಕಿಯ ಪಕ್ಕ ಕುಳಿತು ನಿಂಬೆಹಣ್ಣು ಮೂಸುತ್ತಾ ಹೋದೆ.

ದವಾಖಾನೆಯ ಹಾಲ್ ತುಂಬಿತ್ತು. ಗೋಡೆಗುಂಟ ಕಬ್ಬಿಣದ ಬೆಂಚುಗಳು, ಬೆಂಚಿನ ತುಂಬ ಬಸುರಿಯರು. ಕೆಲವರ ಜೊತೆ ಅವ್ವಂದಿರು, ಕೆಲವರ ಜೊತೆ ಅತ್ತೆಯಂದಿರು. ಗಂಡಸರೆಲ್ಲ ಹೊರಗೆ ಬೇವಿನ ಮರದ ಕೆಳಗೆ ಮೊಬೈಲ್ ನೋಡುತ್ತಾ ನಿಂತಿದ್ದರು. ನರ್ಸ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ತಗಡಿನದಲ್ಲ, ಹಳೆಯ ಕಾಲದ ಭಾರವಾದ ಕಬ್ಬಿಣದ್ದು. ಬಿಪಿ ನೋಡಿದಳು, ಬೆರಳು ಚುಚ್ಚಿ ರಕ್ತ ತೆಗೆದಳು, ಮೂತ್ರಕ್ಕೆ ಡಬ್ಬಿ ಕೊಟ್ಟಳು. ಎಲ್ಲ ಮುಗಿಸಿ ಬೆಂಚಿಗೆ ಬಂದು ಕುಳಿತಾಗ ಬಾಯಿ ಒಣಗಿತ್ತು. "ಎಳನೀರು ತರ್ತೀನಿ" ಎಂದು ನನ್ನ ಗಂಡ ಹೊರಗೆ ಹೋದರು.

ಪಕ್ಕದಲ್ಲಿ ಎಂಟು ತಿಂಗಳು ತುಂಬಿದ, ಕೂಲಿ ಮಾಡುವ ಹೆಂಗಸೊಬ್ಬಳು ಕಾಲು ಚಾಚಿ ಕುಳಿತಿದ್ದಳು. "ಮೊದಲನೇದೇನು?" ಎಂದು ಕೇಳಿದಳು. ಹೌದೆಂದೆ. "ಹೊಟ್ಟಿ ಇನ್ನಾ ಕಾಣವಲ್ದು, ಆಗಲೇ ಬಂದೀಯಲ್ಲ, ಜಾಣಿ ಅದಿ" ಎಂದು ನಕ್ಕಳು.

ಆಗ ಬಾಗಿಲಲ್ಲಿ ವೈನಿ ಕಂಡಳು.

ಮೊದಲು ನನಗೆ ಗುರುತೇ ಸಿಗಲಿಲ್ಲ. ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು. ಪಾದಗಳು ಚಪ್ಪಲಿಯ ಪಟ್ಟಿಯಿಂದ ಉಕ್ಕಿ ಹೊರಗೆ ಬಂದಿದ್ದವು. ಹೊಸ ಹಸಿರು ಸೀರೆ, ಕೈತುಂಬ ಹಸಿರು ಬಳೆ. ಒಂದು ಕೈಯಲ್ಲಿ ತಲೆ ಒತ್ತಿಕೊಂಡು, ಇನ್ನೊಂದು ಕೈಯನ್ನು ತನ್ನ ಅವ್ವನ ಭುಜದ ಮೇಲಿಟ್ಟು ನಡೆದು ಬಂದಳು. ನನ್ನನ್ನು ನೋಡಿದವಳೇ ನಿಂತುಬಿಟ್ಟಳು. ನನಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ. ನನ್ನ ಕೈ ಮುರಿದ ದಿನ ಗೋಡೆಗೆ ಮುಖ ಮಾಡಿ ಅತ್ತವಳು ಅವಳೊಬ್ಬಳೇ.

ಅವಳು ನೇರ ನನ್ನ ಹತ್ತಿರ ಬಂದು ಬಗ್ಗಿ, ನೆಲದ ಮೇಲೆ ಏನೋ ಬಿದ್ದಿದೆ ಎಂಬಂತೆ ನಟಿಸುತ್ತಾ ಪಿಸುಗುಟ್ಟಿದಳು. "ತಂಗಿ, ನಿಮ್ಮಣ್ಣ ಬಂದಾನ. ಗಾಡಿ ನಿಲ್ಸಾಕತ್ತಾನ. ಹಿಂದಿನ ಬಾಗಲ ಐತೇನು ನೋಡು, ಹೋಗಿಬಿಡು."

ನಾನು ಎದ್ದೆ. ಆದರೆ ನನ್ನ ಗಂಡ ಹೊರಗಿದ್ದರು. ಅವರನ್ನು ಬಿಟ್ಟು ಹಿಂಬಾಗಿಲಿಗೆ ಹೋಗುವುದು ಹೇಗೆ? ಮುಂಬಾಗಿಲಿಗೇ ಓಡಿದೆ. ಅವರು ಒಂದು ಕೈಯಲ್ಲಿ ಎಳನೀರು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅವರ ಹಿಂದೆ, ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಅಣ್ಣ ಬರುತ್ತಿದ್ದ. ನಾನು "ರೀ" ಎಂದು ಕೂಗಿದೆ. ಆ ಕೂಗಿಗೇ ಅಣ್ಣ ತಲೆ ಎತ್ತಿದ್ದು. ನನ್ನನ್ನು ನೋಡಿದ, ನಾನು ಯಾರನ್ನು ನೋಡುತ್ತಿದ್ದೇನೆ ಎಂದು ನೋಡಿದ.

ಹೆಲ್ಮೆಟ್ ನನ್ನ ಗಂಡನ ಕಿವಿಯ ಹಿಂದೆ ಬಿತ್ತು. ಎಳನೀರು ಮೆಟ್ಟಿಲಿನಿಂದ ಉರುಳಿತು. ಅವರು ತಿರುಗಿದಾಗ ಎರಡನೆಯದು ಬಾಯಿಗೆ ಬಿತ್ತು. ಮುಂದಿನ ಹಲ್ಲು ಮುರಿದು ತುಟಿ ಸೀಳಿತು. ಅಣ್ಣ ಅವರ ಕೊರಳಪಟ್ಟಿ ಹಿಡಿದು ಹಾಲ್‌ನೊಳಗೆ ಎಳೆದು ತಂದು ಕೆಡವಿದ, ಪಕ್ಕೆಗೆ ಒದ್ದ, ಮತ್ತೆ ಒದ್ದ. ನೆಲದ ಬಿಳಿ ಟೈಲ್ಸ್ ಮೇಲೆ ರಕ್ತ ಹರಡಿತು, ಅದರ ಮೇಲೆ ಅಣ್ಣನ ಕಾಲು ಜಾರಿತು. ಜಾರಿದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಮತ್ತೆ ಒದ್ದ.

"ನಮ್ಮ ಇಜ್ಜತ್ ತಿಂದಿ! ಈಗ ದವಾಖಾನಿಗೂ ಕರಕೊಂಡು ಬಂದೀಯೇನಲೇ!"

ನಾನು ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದೆ. ಅವನು ತಿರುಗಿ ನನ್ನ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ನನ್ನನ್ನು ಗೋಡೆಗೆ ಒತ್ತಿದ. ಅವನ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವನ ಕಣ್ಣು ನನ್ನ ಹೊಟ್ಟೆಯ ಕಡೆ ಹೋಯಿತು, ಆಮೇಲೆ ಬೆಂಚಿನ ಮೇಲಿದ್ದ ಹೆಂಗಸರ ಕಡೆ ಹೋಯಿತು. ನಾನು ಯಾಕೆ ಬಂದಿದ್ದೇನೆ ಎಂದು ಅವನಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

"ಅವಂದು ಹೊತಗೊಂಡೀ?" ಎಂದ. ದನಿ ಏರಿಸಲಿಲ್ಲ. ಜಡೆ ಬಿಡದೆ ಒಂದು ಹೆಜ್ಜೆ ಹಿಂದೆ ಸರಿದು ಕಾಲು ಎತ್ತಿದ.

ವೈನಿ ಹಿಂದಿನಿಂದ ಅವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. "ಬ್ಯಾಡ್ರೀ, ಬಸರಿ ಅದಾಳ, ನಿಮ್ಮ ತಂಗಿರೀ ಅಕಿ!" ಅವನು ತಿರುಗಿಯೂ ನೋಡದೆ ಮೊಣಕೈಯಿಂದ ಹಿಂದಕ್ಕೆ ಗುದ್ದಿದ. ಹಸಿರು ಬಳೆಗಳು ಚೂರಾದವು. ಅವಳು ಬೆಂಚಿನ ಅಂಚಿಗೆ ಬಡಿದು ಕುಸಿದು ಕುಳಿತಳು. ಗುದ್ದುವಾಗ ಅವನ ಹಿಡಿತ ಸಡಿಲಾಯಿತು, ಜಡೆ ಬಿಡಿಸಿಕೊಂಡೆ. ನನ್ನ ಕಾಲಿಗೆ ತೂಕದ ಯಂತ್ರ ತಾಗಿತು. ಅದನ್ನು ಎರಡೂ ಕೈಯಿಂದ ಎತ್ತಿದೆ. ಅಷ್ಟು ಭಾರ ಎತ್ತಲು ನನಗೆ ಶಕ್ತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಎತ್ತಿ ಅವನ ಪಾದದ ಮೇಲೆ ಬಿಟ್ಟೆ.

ಅಣ್ಣ ಕಿರುಚಿದ. ಹಾಗೆ ಅವನು ಕಿರುಚಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬಗ್ಗಿ ಕಾಲು ಹಿಡಿದುಕೊಂಡ. ಅಷ್ಟರಲ್ಲಿ ನನ್ನ ಪಕ್ಕ ಕುಳಿತಿದ್ದ ಎಂಟು ತಿಂಗಳ ಬಸುರಿ ಎದ್ದಿದ್ದಳು. ಚಪ್ಪಲಿ ಅವಳ ಕೈಯಲ್ಲಿತ್ತು. "ಹೊಟ್ಟಿಗೆ ಒದೀತೀಯಾ? ಹೊಟ್ಟಿಗೆ?" ಎನ್ನುತ್ತಾ ಅವನ ತಲೆಗೆ, ಮುಖಕ್ಕೆ, ಕುತ್ತಿಗೆಗೆ ಬಾರಿಸಿದಳು. ಇನ್ನೊಬ್ಬಳು ಸ್ಟೀಲಿನ ಊಟದ ಡಬ್ಬಿಯಿಂದ ಹೊಡೆದಳು, ಮುಚ್ಚಳ ಬಿಚ್ಚಿ ಮೊಸರನ್ನ ಅವನ ಕೂದಲಿಗೆ ಮೆತ್ತಿತು. ಯಾರದೋ ಅತ್ತೆ ಊರುಗೋಲಿನಿಂದ ಹೊಡೆದಳು. ನೆಲ ಒರೆಸುವ ಆಯಾ ಬಕೆಟ್ಟಿನ ಫಿನಾಯಿಲ್ ನೀರನ್ನು ಅವನ ಕಣ್ಣಿಗೆ ಸುರಿದಳು. ಅವನು ನೆಲಕ್ಕೆ ಬಿದ್ದ ಮೇಲೂ ಅವರು ನಿಲ್ಲಿಸಲಿಲ್ಲ. ಹೊರಗಿದ್ದ ಗಂಡಸರು ಓಡಿಬಂದು ಬಾಗಿಲಲ್ಲೇ ನಿಂತರು, ಒಳಗೆ ಬರಲು ಯಾರಿಗೂ ಧೈರ್ಯವಾಗಲಿಲ್ಲ. ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳಿಗೂ ನನ್ನ ಪರಿಚಯವಿರಲಿಲ್ಲ, ನನ್ನ ಜಾತಿಯಾಗಲಿ ನನ್ನ ಗಂಡನ ಜಾತಿಯಾಗಲಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಎಲ್ಲರೂ ಏಳುತ್ತಿದ್ದರೋ ಇಲ್ಲವೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಹೊತ್ತಿನಲ್ಲಿ ನನಗೆ ಅನಿಸಿದ್ದು ಒಂದೇ, ಇನ್ನೂ ಹೊಡೆಯಲಿ ಎಂದು.

ಹೊಡೆತ ನಿಂತದ್ದು ವೈನಿಯ ಅವ್ವನ ಕೂಗಿಗೆ. "ಯವ್ವಾ, ನನ್ನ ಮಗಳಿಗೆ ಏನಾಗಾಕತ್ತೈತಿ ನೋಡ್ರೇ!"

ವೈನಿ ನೆಲದ ಮೇಲೆ ಬಿದ್ದಿದ್ದಳು. ಕಣ್ಣುಗುಡ್ಡೆ ಮೇಲೆ ಸರಿದು ಬಿಳಿಯಷ್ಟೇ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡು, ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ಬಾಯಿಯ ಅಂಚಿನಲ್ಲಿ ನೊರೆ, ಅದರಲ್ಲಿ ಕೆಂಪು. ತಲೆ ಟೈಲ್ಸಿಗೆ ಟಕಟಕ ಬಡಿಯುತ್ತಿತ್ತು. ಯಾರೋ ಕಬ್ಬಿಣ ಕೊಡಿ, ಕೈಯಲ್ಲಿ ಹಿಡಿಸಿ ಎಂದರು. ಡಾಕ್ಟರಮ್ಮ ಒಳಗಿನ ಕೋಣೆಯಿಂದ ಓಡಿಬಂದು ಎಲ್ಲರನ್ನೂ ತಳ್ಳಿ, ಮೊಣಕಾಲೂರಿ ಕುಳಿತು, ವೈನಿಯನ್ನು ಎಡಮಗ್ಗುಲಿಗೆ ಹೊರಳಿಸಿದರು. ನಾನು ನನ್ನ ದುಪಟ್ಟಾ ಮಡಚಿ ಅವಳ ತಲೆಯ ಕೆಳಗೆ ಕೊಟ್ಟೆ. ನರ್ಸ್ ಇಂಜೆಕ್ಷನ್ ತಂದಳು, ಎರಡೂ ಕುಂಡೆಗೆ ಚುಚ್ಚಿದರು. ಬಿಪಿ ನೋಡಿದ ಡಾಕ್ಟರಮ್ಮ ಒಮ್ಮೆ ಕಣ್ಣು ಮುಚ್ಚಿ ತೆಗೆದರು.

"ಎಷ್ಟನೇ ತಿಂಗಳು ಇದು?"

"ಆರು ನಡದೈತ್ರಿ" ಎಂದಳು ವೈನಿಯ ಅವ್ವ.

"ಇದಕ್ಕ ಮೊದ್ಲು ಎಲ್ಲಿ ತೋರ್ಸೀರಿ?"

"ಎಲ್ಲೂ ಇಲ್ರಿ. ಕಳ್ಳ ಕುಬಸ ಮಾಡಿ ತೋರ್ಸೋಣು ಅಂದ್ರು ಅವ್ರ ಮನ್ಯಾಗ. ಭತ್ತದ ಕೊಯ್ಲು ಬಂತು ಅಂತ ಕುಬಸ ಮುಂದಕ್ಕ ಹೋತ್ರಿ. ಮೊನ್ನೆ ಮಾಡಿದ್ವಿ."

"ತಲಿನೋವು ಯಾವಾಗಿಂದ?"

"ತಿಂಗಳಾತೇನ್ರಿ. ಬಿಸಿಲಿಗೆ ಬಂದದ್ದು ಅಂದ್ಕೊಂಡಿದ್ವಿ. ಕಾಲು ಬಾತಾವಲ್ರಿ, ಅದು ಬಸರಿಗೆ ಬರ್ತಾವು ಅಂದ್ರು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. "ಇಲ್ಲಿ ಆಗೂದಿಲ್ಲ, ರಾಯಚೂರಿಗೆ ಹೋಗ್ಬೇಕು, ಈಗಿಂದೀಗ" ಎಂದು ಆಂಬುಲೆನ್ಸಿಗೆ ಫೋನ್ ಮಾಡಿಸಿದರು.

ಪೊಲೀಸರು ಬಂದರು. ಅಣ್ಣನ ಪಾದ ಕುಂಬಳಕಾಯಿಯಂತೆ ಊದಿತ್ತು. ಇಬ್ಬರು ಎತ್ತಿ ಜೀಪಿಗೆ ಹತ್ತಿಸಿದರು. ಹೋಗುವಾಗ ಅವನು ತನ್ನ ಹೆಂಡತಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ನನ್ನ ಗಂಡನನ್ನು ಒಳಗೆ ಮಲಗಿಸಿ ತುಟಿಗೆ ಹೊಲಿಗೆ ಹಾಕುತ್ತಿದ್ದರು. ಪಕ್ಕೆಲುಬು ಎರಡು ಬಿರುಕು ಬಿಟ್ಟಿವೆ ಎಂದು ಆಮೇಲೆ ಗೊತ್ತಾಯಿತು.

ಆಗಲೇ ನನಗೆ ಕೆಳಗೆ ಒದ್ದೆಯಾದಂತೆ ಅನಿಸಿದ್ದು. ಬಚ್ಚಲಿಗೆ ಹೋಗಿ ನೋಡಿದರೆ ರಕ್ತದ ಕಲೆ. ನಾನು ಅಲ್ಲೇ ಗೋಡೆ ಹಿಡಿದು ಕುಳಿತೆ. ಡಾಕ್ಟರಮ್ಮ ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿಸಿದರು. ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಕಪ್ಪು ಚೀಲ, ಅದರೊಳಗೆ ಅಲಸಂದಿ ಕಾಳಿನಷ್ಟು ಏನೋ. ಅದರ ನಡುವೆ ಒಂದು ಚುಕ್ಕೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಹಾರ್ಟ್‌ಬೀಟ್ ಐತಿ" ಎಂದರು. "ರಕ್ತ ಸ್ವಲ್ಪ ಹೋಗೈತಿ. ಮಲಗಿರಬೇಕು. ಭಾರ ಏನಾದ್ರೂ ಎತ್ತಿದ್ಯೇನು?"

ನರ್ಸ್ ಮುಖ ತಿರುಗಿಸಿ ನಕ್ಕಳು.

ನನ್ನ ಗಂಡನ ಜೊತೆ ಕೆಲಸ ಮಾಡುವವರೊಬ್ಬರ ಕಾರಿನಲ್ಲಿ ಅತ್ತೆ ಮಸ್ಕಿಯಿಂದ ಬಂದರು. ಮೊದಲು ಮಗನ ಮುಖ ನೋಡಿದರು. ಹತ್ತಿ ತುರುಕಿದ ಬಾಯಿಯ ಸುತ್ತ ಒಣಗಿದ ರಕ್ತವನ್ನು ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಹತ್ತಿರ ಬಂದರು, ಮಗು ಇದೆ ಎಂದೆ, ತಲೆಯಾಡಿಸಿದರು. ಹೊರಗೆ ಆಂಬುಲೆನ್ಸ್ ಬಂದು ನಿಂತಿತ್ತು. ವೈನಿಯ ಅವ್ವ ಬಾಗಿಲಲ್ಲಿ ನಿಂತು ಯಾರಾದರೂ ಜೊತೆಗೆ ಬನ್ನಿ ಎಂದು ಅಂಗಲಾಚುತ್ತಿದ್ದಳು. ಅವಳ ಗಂಡ ಗುರುಗುಂಟಾದಿಂದ ಇನ್ನೂ ಬಂದಿರಲಿಲ್ಲ. ರಾಯಚೂರು ಅವಳು ನೋಡಿರದ ಊರು.

"ಯಾರಾಕಿ?" ಎಂದು ಅತ್ತೆ ಕೇಳಿದರು.

"ನಮ್ಮ ವೈನಿ ಅವ್ವ ರೀ. ಸ್ಟ್ರೆಚರ್ ಮ್ಯಾಲ ಇದ್ದಾಕಿ ವೈನಿ."

ಅತ್ತೆ ಸ್ಟ್ರೆಚರ್ ಮೇಲಿನ ಹೊಟ್ಟೆಯನ್ನು ನೋಡಿದರು. "ನೀವಿಬ್ರೂ ಮಲಗ್ರಿ. ನಾ ಹೋಗಿ ಬರ್ತೀನಿ" ಎಂದರು.

"ಯವ್ವಾ, ಬ್ಯಾಡ" ಎಂದು ನನ್ನ ಗಂಡ ಹೊಲಿದ ತುಟಿಯಲ್ಲೇ ಹೇಳಿದರು. "ನನ್ನ ಹೊಡದಾನ ಅವ."

"ಅವ ಹೊಡದಾನ. ಅಕಿ ಹೊಡದಾಳೇನು?" ಎಂದು ಅತ್ತೆ ಹೊರಟೇಬಿಟ್ಟರು.

ರಾಯಚೂರಿನ ದಾರಿಯಲ್ಲಿ ವೈನಿಗೆ ಇನ್ನೊಮ್ಮೆ ಸೆಳೆತ ಬಂತಂತೆ. ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ನಮ್ಮ ಮದುವೆಯಾದಾಗ ನನ್ನ ಗಂಡನ ಮನೆಯವರ ನೀರು ಮುಟ್ಟಿದರೆ ಮೈಲಿಗೆ ಎಂದಿದ್ದ ನನ್ನ ತವರಿನವರ ಬೀಗತಿ, ವೈನಿಯ ಅವ್ವ, ಅತ್ತೆಯ ಬಾಟಲಿಯ ನೀರು ಕುಡಿದಳಂತೆ. ಅತ್ತೆ ಇದನ್ನು ದೊಡ್ಡದು ಮಾಡಿ ಹೇಳಲಿಲ್ಲ, ಊಟ ಮಾಡಿದ್ಯಾ ಎಂದು ಕೇಳುವ ನಡುವೆ ಹೇಳಿದರು. ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ಗಂಡು. ವೈನಿ ಉಳಿದಳು. ಮೂತ್ರಪಿಂಡಕ್ಕೂ ತೊಂದರೆಯಾಗಿತ್ತು, ಬಹಳ ದಿನ ಅಲ್ಲೇ ಇರಬೇಕಾಯಿತು. ಕೂಸನ್ನು ಅವಳ ಅಪ್ಪ ಗುರುಗುಂಟಾಕ್ಕೆ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದ. ಅಣ್ಣ ಆಗ ಜೈಲಿನಲ್ಲಿದ್ದ.

ಅಣ್ಣ ತಳ್ಳಿದ್ದಕ್ಕೇ ವೈನಿಗೆ ಹೀಗಾಯಿತೇ ಎಂದು ನಾನು ಮುಂದಿನ ಸಲ ಡಾಕ್ಟರಮ್ಮನನ್ನು ಕೇಳಿದೆ. "ಬಿದ್ದದ್ದು ಒಳ್ಳೇದೇನಲ್ಲ. ಆದ್ರ ಬಿಪಿ ವಾರಗಟ್ಟಲೆ ಏರಿಕೋತ ಬಂದೈತಿ. ಬೀಳದಿದ್ರೂ ಸೆಳೆತ ಬರ್ತಿತ್ತು" ಎಂದರು. "ಮುಟ್ಟು ತಪ್ಪಿದ ಮ್ಯಾಲ ಒಂದೆರಡು ವಾರದಾಗ, ಬಾಳ ಅಂದ್ರ ಎರಡು ತಿಂಗಳು ತುಂಬೂದ್ರಾಗ ಬಂದಿದ್ರ, ಅಲ್ಲಿಂದ ತಿಂಗಳಾ ತಿಂಗಳಾ ಬಿಪಿ ನೋಡ್ತಿದ್ವಿ. ಏರೂದು ಕಾಣ್ತಿತ್ತು. ಕಂಡಿದ್ರ ಗುಳಿಗಿ ಇತ್ತು." ಅಷ್ಟೇ ಹೇಳಿದರು.

ಅವ್ವ ಫೋನ್ ಮಾಡಿದಳು. ಮನೆ ಬಿಟ್ಟ ಮೇಲೆ ಅವಳ ದನಿ ಕೇಳಿದ್ದು ಅದೇ ಮೊದಲು. ಹೇಗಿದ್ದೀ ಎನ್ನಲಿಲ್ಲ. "ನಿನ್ನ ಕಣ್ಣು ಬಿದ್ದು ನಮ್ಮ ಕೂಸು ಸತ್ತಿತು. ನಿಂದು ಹ್ಯಾಂಗ ಹುಟ್ಟತೈತಿ ನಾನೂ ನೋಡ್ತೀನಿ" ಎಂದಳು. ನಾನು ಫೋನ್ ಕೆಳಗಿಟ್ಟೆ.

ಕೇಸು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಊರ ಹಿರಿಯರು ಜೀಪಿನಲ್ಲಿ ಬಂದರು. ಅತ್ತೆ ಚಹಾ ಕೊಟ್ಟು, ತೆಗೆದುಕೊಳ್ಳುವುದಿಲ್ಲ ಎಂದರು. ಸ್ವಲ್ಪ ದಿನಕ್ಕೆ ನಮ್ಮ ಮನೆಯ ಕಿಟಕಿಗೆ ಕಲ್ಲು ಬಿತ್ತು, ಅತ್ತೆಯ ಹಣೆ ಒಡೆಯಿತು. ಇನ್ನೊಂದು ದಿನ, ನನ್ನ ಗಂಡ ಕಂಬ ಹತ್ತಿ ಕೆಲಸ ಮಾಡುತ್ತಿದ್ದಾಗ ಕೆಳಗೆ ನಿಲ್ಲಿಸಿದ್ದ ಅವರ ಬೈಕಿಗೆ ಬೆಂಕಿ ಇಟ್ಟರು. ಅವರು ಮೇಲಿನಿಂದ ಅದು ಉರಿಯುವುದನ್ನು ನೋಡಿದರು, ಇಳಿಯುವಷ್ಟರಲ್ಲಿ ಯಾರೂ ಇರಲಿಲ್ಲ. ನಾನು ಏಳು ತಿಂಗಳ ಹೊಟ್ಟೆ ಹೊತ್ತು ಕೋರ್ಟಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ತೂಕದ ಯಂತ್ರದ ವಿಷಯವನ್ನೂ ಹೇಳಿದೆ.

ಮಗಳು ಹುಟ್ಟಿದಳು. ಸುಸೂತ್ರವಾಗಿ, ದಿನ ತುಂಬಿ, ದೊಡ್ಡ ದನಿಯಲ್ಲಿ ಅಳುತ್ತಾ.

ಅವಳು ಹೊಸ್ತಿಲು ದಾಟಲು ಕಲಿತ ಹೊತ್ತಿಗೆ ಒಂದು ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಯಾರೋ ಬಂದಿದ್ದಾರೆಂದು ಜವಾನ ಕರೆದ. ವೈನಿ ನಿಂತಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು, ಕೆನ್ನೆ ನೀಲಿಗಟ್ಟಿತ್ತು. ಅಣ್ಣ ಜಾಮೀನಿನ ಮೇಲೆ ಹೊರಗೆ ಬಂದಿದ್ದ. ಕೂಸು ಹೋದದ್ದು ಅವಳು ಅವತ್ತು ಅಡ್ಡ ಬಂದದ್ದಕ್ಕೆ ಎಂದು ದಿನಾ ಹೊಡೆಯುತ್ತಿದ್ದನಂತೆ. ಕೈಚೀಲವೂ ಇಲ್ಲದೆ ಸಿಂಧನೂರಿಗೆ ಬಂದು, ಅಲ್ಲಿಂದ ಬಸ್ ಹತ್ತಿದ್ದಳು.

"ತಂಗಿ, ನಂಗ ದಿನ ತಪ್ಪೈತಿ" ಎಂದಳು. "ಯಾರಿಗೂ ಹೇಳಿಲ್ಲ. ಹೇಳಿದ್ರ ಮತ್ತ ಕುಬಸದ ತನಕ ಕೂಡಸ್ತಾರ. ಈಗ ದವಾಖಾನಿಗೆ ಕರಕೊಂಡು ಹೋಗ್ತೀಯೇನು?"

ನಾನು ಹೆಡ್‌ಮಾಸ್ತರಿಗೆ ಅರ್ಧ ದಿನದ ರಜೆ ಹೇಳಿ, ಅವಳನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ ಹತ್ತಿದೆ. ಡಾಕ್ಟರಮ್ಮ ಅವಳ ಗುರುತು ಹಿಡಿದರು. ಮುಖದ ಮೇಲಿನ ಏಟಿನ ಬಗ್ಗೆ ಕೇಳಿ ಬರೆದುಕೊಂಡರು. ಬಿಪಿ ನೋಡಿದರು, ಕಬ್ಬಿಣಾಂಶದ್ದು ಈಗಲೇ ಬೇಡ, ಫೋಲಿಕ್ ಆಸಿಡ್ ಗುಳಿಗೆ ಇವತ್ತಿನಿಂದಲೇ ಎಂದರು. ಹಿಂದಿನ ಸಲ ಹಾಗಾದದ್ದರಿಂದ ಮೂರನೇ ತಿಂಗಳಿಂದ ಇನ್ನೊಂದು ಸಣ್ಣ ಗುಳಿಗೆ ಕೊಡುತ್ತೇನೆ, ಬಿಪಿ ಏರದಂತೆ ಅದು ಕಾಯಬಹುದು, ಆದರೆ ತಪ್ಪದೆ ಬರಬೇಕು ಎಂದರು. "ಬರ್ತೀನ್ರಿ" ಎಂದಳು ವೈನಿ. ಅಲ್ಲಿಂದ ದಢೇಸುಗೂರಿಗೆ ಹೋಗಲಿಲ್ಲ, ಗುರುಗುಂಟಾಕ್ಕೆ ಹೋದಳು.

ಅಣ್ಣ ಅಲ್ಲಿಗೂ ಬಂದ. ಬಾಗಿಲಿಗೆ ಒದ್ದು, ಅಡ್ಡ ಬಂದ ಮಾವನ ಎದೆಗೆ ಗುದ್ದಿ ಕೆಡವಿದ. ಕುರಿದೊಡ್ಡಿಯಿಂದ ಓಡಿಬಂದ ವೈನಿಯ ತಮ್ಮಂದಿರು ಅವನನ್ನು ಬೇಲಿಯ ಗೂಟ ಕಿತ್ತು ಹೊಡೆದರು. ವೈನಿ ಒಳಗಿನಿಂದ ಹೊರಗೆ ಬರಲಿಲ್ಲ, ಬಿಡಿಸಿ ಎಂದೂ ಹೇಳಲಿಲ್ಲ. ತಿಂಗಳಾ ತಿಂಗಳಾ ತನ್ನ ಅವ್ವನ ಜೊತೆ ಲಿಂಗಸುಗೂರಿಗೆ ಹೋದಳು. ಏಳನೇ ತಿಂಗಳಲ್ಲಿ ಬಿಪಿ ಏರಿತು, ಅದೇ ದಿನ ಕಂಡುಹಿಡಿದು ಗುಳಿಗೆ ಹಚ್ಚಿದರು. ದಿನ ತುಂಬುವ ಸ್ವಲ್ಪ ಮುಂಚೆ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಸಣ್ಣದು, ಆದರೆ ಗಟ್ಟಿಮುಟ್ಟು. ನಾನೂ ಅತ್ತೆಯೂ ಹೋಗಿ ನೋಡಿ ಬಂದೆವು.

ಅದಾದ ಮೇಲೆ ಶಾಲೆಯ ಕೆಲಸಕ್ಕಾಗಿ ನಾನು ಸಿಂಧನೂರಿಗೆ ಹೋಗಬೇಕಾಯಿತು. ಎಷ್ಟೋ ವರ್ಷಗಳ ಮೇಲೆ. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಮಿರ್ಚಿ ಬಂಡಿಯ ಆಚೆಯಿಂದ ಅಣ್ಣ ನನ್ನ ಕಡೆ ನಡೆದು ಬಂದ. ನಾನು ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಬಲಗೈ ಖಾಲಿ ಮಾಡಿಕೊಂಡೆ. ಸುತ್ತ ಜನರಿದ್ದರು. ಅವನು ಒಂದು ಮಾರು ದೂರದಲ್ಲಿ ನಿಂತ. ಗಡ್ಡ ಬಿಟ್ಟಿದ್ದ. ಮಗಳ ಮುಖ ನೋಡಿದ, ಅವಳು ಅವನನ್ನು ನೋಡಿ ಬೆರಳು ಚೀಪಿದಳು.

"ಅಕಿ ಹಡದಾಳೇನು?" ಎಂದು ಕೇಳಿದ.

ಗುರುಗುಂಟಾದಿಂದ ಅವನಿಗೆ ಯಾರೂ ಸುದ್ದಿ ಕಳಿಸಿರಲಿಲ್ಲ.

"ಹಡದಾಳ" ಎಂದೆ.

"ಏನಾತು? ಗಂಡೋ, ಹೆಣ್ಣೋ?"

ಮಸ್ಕಿಯ ಬಸ್ ಬಂದು ನಿಂತಿತು. ಕಂಡಕ್ಟರ್ ಜಲ್ದಿ ಹತ್ತಿ ಎಂದು ಸೀಟಿ ಊದಿದ. ನಾನು ಹತ್ತಿದೆ. ಕಿಟಕಿಯ ಕೆಳಗೆ ಬಂದು ನಿಂತು ಅವನು ಮತ್ತೆ ಕೇಳಿದ, "ಹೇಳಲೇ, ಏನಾತು?" ನಾನು ಹೇಳಲಿಲ್ಲ. ಬಸ್ ಹೊರಟಿತು.